ಒಂದು ಹಳೆಯ ಸೀರೆ, ಇಪ್ಪತ್ತೆರಡು ಕೋಟಿ ಚೀಲ

ತರಕಾರಿ ಅಂಗಡಿಯಲ್ಲಿ ಕೈಗೆ ಸಿಗುವ ತೆಳು ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನ ತೂಕ ಸುಮಾರು 3 ಗ್ರಾಂ. ಒಂದು ಕಿಲೋ ತೂಗಬೇಕಾದರೆ ಇಂಥ 333 ಚೀಲ ಬೇಕು. ಬೀದರ್ ನಗರದ ಚಿದ್ರಿಯಲ್ಲಿ ಸಂಜೆಯ ಗಾಳಿ ಒಂದಿಷ್ಟು ಜೋರಾದರೆ ಸಾಕು, ಇದು ಹಾರಿ ಹೋಗಿ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟು ಹಗುರಾದ ವಸ್ತುವಿನಿಂದ ಏನಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾದರೆ ಪೆನ್ನು ಹಿಡಿದು ಲೆಕ್ಕಕ್ಕೆ ಕೂರೋಣ, ಗುಣಾಕಾರ ಒಂದು ಗೊತ್ತಿದ್ದರೆ ಸಾಕು.

ಒಂದು ಮನೆಗೆ ದಿನಕ್ಕೆ ಎರಡೇ ಚೀಲ ಬರುತ್ತವೆ ಎಂದು ಹಿಡಿಯೋಣ. ಕೊತ್ತಂಬರಿಗೆ ಒಂದು, ಬಾಳೆಹಣ್ಣಿಗೆ ಒಂದು. ವರ್ಷಕ್ಕೆ 730. ತೂಕ ಎರಡು ಕಿಲೋ ಚಿಲ್ಲರೆ. ಇಲ್ಲಿಯವರೆಗೆ ಏನೂ ಭಯವಿಲ್ಲ. ಬೀದರ್ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ 17 ಲಕ್ಷ ಜನ. ಮನೆಗೆ ಐದಾರು ಮಂದಿಯಂತೆ ಸುಮಾರು 3 ಲಕ್ಷ ಮನೆ. 730 ಚೀಲವನ್ನು 3 ಲಕ್ಷ ಮನೆಯಿಂದ ಗುಣಿಸಿ. ಉತ್ತರ 21 ಕೋಟಿ 90 ಲಕ್ಷ! ಮೂರು ಗ್ರಾಮಿನ ಚೀಲಗಳೆಲ್ಲ ಸೇರಿ 657 ಟನ್ ಆಗುತ್ತವೆ. ಬೆಳೆದ ಆನೆಯೊಂದಕ್ಕೆ 4 ಟನ್ ಎಂದರೆ ಇದು 164 ಆನೆಗಳ ತೂಕ. ಒಂದೂ ಕಾಡಾನೆ ಇಲ್ಲದ ಜಿಲ್ಲೆಯಲ್ಲಿ ಪ್ರತಿ ವರ್ಷ 164 ಪ್ಲಾಸ್ಟಿಕ್ ಆನೆಗಳು ಹುಟ್ಟುತ್ತವೆ.

ಚಿದ್ರಿಯವರಿಗೆ ಆನೆಗಿಂತ ವಿಮಾನದ ಪರಿಚಯ ಹೆಚ್ಚು. ಪಕ್ಕದಲ್ಲೇ ವಾಯುಪಡೆಯ ನೆಲೆ. ಒಂಬತ್ತು ಹಾಕ್ ವಿಮಾನಗಳಲ್ಲಿ ಆಗಸದ ಕಸರತ್ತು ತೋರುವ ಸೂರ್ಯಕಿರಣ ತಂಡದ ಮನೆಯೂ ಬೀದರೇ. ಹಾಕ್ ವಿಮಾನವೊಂದು ಪೂರ್ತಿ ಭಾರ ಹೊತ್ತು ಮೇಲೇರುವಾಗ ಗರಿಷ್ಠ 9.1 ಟನ್ ತೂಗುತ್ತದೆ. ನಮ್ಮ 657 ಟನ್ ಚೀಲ ಅಂಥ 72 ವಿಮಾನಗಳಿಗೆ ಸಮ, ಅಂದರೆ ಸೂರ್ಯಕಿರಣದಂಥ ಎಂಟು ಪೂರ್ಣ ತಂಡಗಳಿಗೆ! ಇನ್ನು ಈ ಚೀಲಗಳನ್ನು ಒಂದರ ಹಿಂದೆ ಒಂದು ಉದ್ದಕ್ಕೆ ಜೋಡಿಸಿ. ಒಂದಕ್ಕೆ 30 ಸೆಂಟಿಮೀಟರ್ ಉದ್ದವೆಂದರೂ ಸಾಲು 65,700 ಕಿಲೋಮೀಟರ್ ಆಗುತ್ತದೆ. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಒಂದೇ ಜಿಲ್ಲೆಯ ಒಂದೇ ವರ್ಷದ ಚೀಲಗಳು ಭೂಮಿಯನ್ನು ಒಂದೂವರೆ ಸುತ್ತಿಗೂ ಮೀರಿ ಸುತ್ತುತ್ತವೆ. ಗಂಟೆಗೆ 1,000 ಕಿಲೋಮೀಟರ್ ವೇಗದಲ್ಲಿ ಹಾಕ್ ವಿಮಾನ ಎಲ್ಲೂ ಇಳಿಯದೆ ಈ ಸಾಲಿನ ಮೇಲೆ ಹಾರಿದರೂ ಕೊನೆ ಮುಟ್ಟಲು ಎರಡೂಮುಕ್ಕಾಲು ದಿನ ಬೇಕು.

ಚೀಲ ಬದಿಗಿಡೋಣ. ಈಗ ಚಹಾ ಕುಡಿಯೋಣ. ದಿನಕ್ಕೆ 300 ಕಪ್ ಚಹಾ ಮಾರುವ ಒಂದು ಸಣ್ಣ ಅಂಗಡಿ. ಎಲ್ಲವೂ ಕಾಗದದ ಕಪ್ಪಿನಲ್ಲಿ. ವರ್ಷಕ್ಕೆ 1,09,500 ಕಪ್ಪು. ಆರು ಸೆಂಟಿಮೀಟರ್ ಎತ್ತರದ ಕಪ್ಪುಗಳನ್ನು ಒಂದರೊಳಗೆ ಒಂದು ತೂರಿಸದೆ, ಒಂದರ ತಲೆಯ ಮೇಲೆ ಒಂದು ನಿಲ್ಲಿಸಿದರೆ ಕಂಬದ ಎತ್ತರ 6,570 ಮೀಟರ್. ಎರಡು ಅಂಗಡಿಯ ಕಪ್ಪು ಸೇರಿಸಿದರೆ 13 ಕಿಲೋಮೀಟರ್. ಎವರೆಸ್ಟ್ ಎತ್ತರ 8,849 ಮೀಟರ್; ಅದನ್ನು ದಾಟಿ ಇನ್ನೂ ನಾಲ್ಕು ಕಿಲೋಮೀಟರ್ ಮೇಲಕ್ಕೆ ನಮ್ಮ ಚಹಾ ಕಂಬ ನಿಂತಿರುತ್ತದೆ. ಎರಡು ಅಂಗಡಿ, ಒಂದು ವರ್ಷ, ಹಿಮಾಲಯಕ್ಕಿಂತ ಎತ್ತರ!

ಆ ಕಪ್ಪಿನ ಒಳಗಿನ ಲೆಕ್ಕ ಇನ್ನೂ ವಿಚಿತ್ರ. ಕಾಗದದ ಕಪ್ಪು ಎಂದು ಹೆಸರು, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ. ಖರಗಪುರದ ಐಐಟಿ ಸಂಶೋಧಕರು ಇಂಥ ಕಪ್ಪಿಗೆ 100 ಮಿಲಿಲೀಟರ್ ಬಿಸಿ ದ್ರವ ಸುರಿದು 15 ನಿಮಿಷ ಬಿಟ್ಟು ನೋಡಿದರು. ಅದರಲ್ಲಿ ಸಿಕ್ಕ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸುಮಾರು 25,000. ದಿನಕ್ಕೆ ಮೂರು ಕಪ್ ಕುಡಿದರೆ 75,000. ವರ್ಷಕ್ಕೆ 2 ಕೋಟಿ 73 ಲಕ್ಷ. ಬೀದರ್ ಜಿಲ್ಲೆಯ ಜನಸಂಖ್ಯೆಯ ಹದಿನಾರು ಪಟ್ಟು ಕಣಗಳು, ಒಬ್ಬನ ಹೊಟ್ಟೆಗೆ, ಒಂದು ವರ್ಷದಲ್ಲಿ.

ಇನ್ನು ಮದುವೆ ಮನೆಗೆ ಹೋಗೋಣ. ನಮ್ಮ ಕಡೆ ಸಾವಿರ ಜನ ಉಂಡರೆ ಅದು ಸಾಧಾರಣ ಮದುವೆ. ಊಟಕ್ಕೆ ಕೂತವರ ಮುಂದೆ ಒಂದು ತಟ್ಟೆ, ಒಂದು ಬಟ್ಟಲು, ಒಂದು ಚಮಚ, ಒಂದು ಲೋಟ, ಒಂದು ಅರ್ಧ ಲೀಟರಿನ ನೀರಿನ ಬಾಟಲಿ. ಐದು ವಸ್ತು, ಸಾವಿರ ಜನ, 5,000 ವಸ್ತು. ಊಟದ ಹೊತ್ತು ಇಪ್ಪತ್ತು ನಿಮಿಷ. ಬಾಟಲಿಗಳನ್ನಷ್ಟೇ ತೆಗೆದುಕೊಳ್ಳಿ. ಒಂದೊಂದೂ 22 ಸೆಂಟಿಮೀಟರ್. ಸಾವಿರ ಬಾಟಲಿ ಒಂದರ ಮೇಲೊಂದು ನಿಂತರೆ 220 ಮೀಟರ್. ಬೀದರ್ ಪೇಟೆಯ ನಡುವೆ ನಿಂತಿರುವ ಚೌಬಾರದ ಎತ್ತರ 22 ಮೀಟರ್. ಒಂದು ಊಟದ ನೀರಿನ ಬಾಟಲಿಗಳು ಹತ್ತು ಚೌಬಾರಗಳಷ್ಟು ಎತ್ತರ! ಲಗ್ನದ ದಿನಗಳಲ್ಲಿ ಜಿಲ್ಲೆಯಾದ್ಯಂತ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಎಲ್ಲ ಸೇರಿ, ಒಂದೇ ಮುಹೂರ್ತಕ್ಕೆ ಇಂಥ 200 ಮದುವೆ ನಡೆದವು ಎನ್ನಿ. ಆ ಒಂದು ಮಧ್ಯಾಹ್ನದ ಬಾಟಲಿಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿದರೆ ಸಾಲಿನ ಉದ್ದ 44 ಕಿಲೋಮೀಟರ್, ಬೀದರ್‌ನಿಂದ ಹೊರಟು ಭಾಲ್ಕಿ ಮುಟ್ಟುವಷ್ಟು.

ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಬರುವ ಹಲ್ಲುಜ್ಜುವ ಬ್ರಶ್ಶಿಗೂ ಒಂದು ಲೆಕ್ಕವಿದೆ. ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತಾರೆ ದಂತವೈದ್ಯರು. ವರ್ಷಕ್ಕೆ ನಾಲ್ಕು. ಬೀದರ್ ಜಿಲ್ಲೆಯ 17 ಲಕ್ಷ ಜನ ಈ ಮಾತು ಪಾಲಿಸಿದರೆ 68 ಲಕ್ಷ ಬ್ರಶ್. ಒಂದೊಂದೂ 18 ಸೆಂಟಿಮೀಟರ್ ಆದರೆ ಸಾಲು 1,224 ಕಿಲೋಮೀಟರ್: ಬೀದರ್‌ನಿಂದ 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಮರಳಿ ಮುಕ್ಕಾಲು ದಾರಿ ಬಂದಷ್ಟು. ದೇಶದ 140 ಕೋಟಿ ಜನರೂ ಹೀಗೆ ಮಾಡಿದರೆ ವರ್ಷಕ್ಕೆ 560 ಕೋಟಿ ಬ್ರಶ್. ಆ ಸಾಲಿನ ಉದ್ದ 10 ಲಕ್ಷ ಕಿಲೋಮೀಟರ್. ಭೂಮಿಗೆ 25 ಸುತ್ತು. ಚಂದ್ರ ಇರುವುದು 3,84,000 ಕಿಲೋಮೀಟರ್ ದೂರದಲ್ಲಿ. ಬ್ರಶ್ಶಿನ ಸಾಲು ಅಲ್ಲಿಗೆ ಹೋಗಿ, ಭೂಮಿಗೆ ವಾಪಸು ಬಂದು, ಎರಡನೇ ಸಲ ಚಂದ್ರನ ದಾರಿ ಹಿಡಿದು ಅರ್ಧಕ್ಕಿಂತ ಮುಂದೆ ಸಾಗಿರುತ್ತದೆ.

ಉದ್ದ, ಎತ್ತರ, ತೂಕ ಆಯಿತು. ಈಗ ಆಯುಷ್ಯ ನೋಡಿ. ಕೂಸಿಗೆ ಕಟ್ಟುವ ಪ್ಲಾಸ್ಟಿಕ್ ಡೈಪರ್ ಬಳಕೆಯಲ್ಲಿರುವುದು ಸುಮಾರು ನಾಲ್ಕು ಗಂಟೆ. ಎಸೆದ ಮೇಲೆ ಅದು ಕಣ್ಮರೆಯಾಗಲು 450 ವರ್ಷ ಬೇಕಾದೀತು ಎಂಬುದು ಪ್ರಚಲಿತ ಅಂದಾಜು. ನಾಲ್ಕು ಗಂಟೆಗೆ 450 ವರ್ಷ! ಗಂಟೆಗೆ ಗಂಟೆ ಅಳೆದರೆ, ಬಳಸಿದ ಹೊತ್ತಿನ ಹತ್ತು ಲಕ್ಷ ಪಟ್ಟು ಕಾಲ ಅದು ಕಸವಾಗಿ ಬಿದ್ದಿರುತ್ತದೆ. ಮಹಮೂದ್ ಗವಾನ್ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ್ದು 1472ರಲ್ಲಿ. ಅಂದು ಕಟ್ಟಡದ ಕೆಲಸಕ್ಕೆ ಬಂದ ತಾಯಿಯೊಬ್ಬಳು ತನ್ನ ಕೂಸಿಗೆ ಇಂಥ ಡೈಪರ್ ಕಟ್ಟಿ ಎಸೆದಿದ್ದರೆ? ಬಹಮನಿ ಸುಲ್ತಾನರು ಹೋದರು, ಬರೀದಶಾಹಿಗಳು ಬಂದು ಹೋದರು, ಬಿಜಾಪುರದವರು, ಮೊಗಲರು, ನಿಜಾಮರು ಬಂದರು. ಆ ಡೈಪರ್ ಮಾತ್ರ ಎಲ್ಲರನ್ನೂ ನೋಡಿ 1922ರ ಸುಮಾರಿಗೆ ಮುಗಿಯುತ್ತಿತ್ತು. ಇಂದು ಎಸೆದದ್ದು 25ನೆಯ ಶತಮಾನದ ಕೊನೆಯ ದಶಕಗಳವರೆಗೆ ಇಲ್ಲೇ ಇರುತ್ತದೆ. ದಿನಕ್ಕೆ ಐದರಂತೆ ಎರಡು ವರ್ಷಕ್ಕೆ ಒಂದು ಕೂಸಿಗೆ ಬೇಕಾಗುವ ಡೈಪರ್ 3,650. ಎರಡು ವರ್ಷ ತುಂಬುವ ಹೊತ್ತಿಗೆ, ಒಂದು ಮಗು 15 ತಲೆಮಾರುಗಳಿಗೆ ಉಳಿಯುವ ಆಸ್ತಿ ಮಾಡಿಟ್ಟಿರುತ್ತದೆ.

ಬೀದರ್ ಬಾಳಿಕೆಯನ್ನೇ ಕಸುಬು ಮಾಡಿಕೊಂಡ ಊರು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಹೂಜಿಗಳು 300–400 ವರ್ಷ ಕಳೆದು ಇಂದಿಗೂ ದೇಶವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ಮಿಂಚುತ್ತಿವೆ. 2006ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ಊರಿನಲ್ಲಿ ಐಸ್‌ಕ್ರೀಮ್ ತಿಂದ ಪ್ಲಾಸ್ಟಿಕ್ ಚಮಚವೊಂದು ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ, ಶತಮಾನಗಟ್ಟಲೆ ನೆಲದಲ್ಲಿ ಉಳಿಯುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಲೆಕ್ಕವೂ ಒಂದಿದೆ. ಭಾರತದಲ್ಲಿ ವರ್ಷಕ್ಕೆ ಬಳಕೆಯಾಗುವ ಸ್ಯಾನಿಟರಿ ಪ್ಯಾಡುಗಳ ಸಂಖ್ಯೆ ಸುಮಾರು 1,230 ಕೋಟಿ, ಕಸದ ತೂಕ ಸುಮಾರು 1,13,000 ಟನ್ ಎಂದು ಅಂದಾಜು. ಅಂದರೆ 28,000 ಆನೆ. 2017ರ ಗಣತಿಯಂತೆ ಭಾರತದ ಒಟ್ಟು ಕಾಡಾನೆಗಳೇ 30,000ಕ್ಕೆ ಸ್ವಲ್ಪ ಕಡಿಮೆ! ಒಂದಕ್ಕೆ 20 ಸೆಂಟಿಮೀಟರಿನಂತೆ ಇವನ್ನು ಜೋಡಿಸಿದರೆ 24 ಲಕ್ಷ ಕಿಲೋಮೀಟರ್ ಮೀರುತ್ತದೆ, ಭೂಮಿಗೆ 61 ಸುತ್ತು.

ಹೈನುಗಾರರು ಈ ಮುಂದಿನ ಲೆಕ್ಕ ಕೇಳಬೇಕು. ನಮ್ಮದು ದೇವಣಿ ತಳಿಯ ಸೀಮೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೂ ಬೀದರ್‌ನಲ್ಲೇ. 2021ರಲ್ಲಿ ಹರಿಯಾಣದ ಫರೀದಾಬಾದಿನಲ್ಲಿ ಬೀದಿಯ ಹಸುವೊಂದರ ಹೊಟ್ಟೆ ಕೊಯ್ದ ವೈದ್ಯರಿಗೆ ಸಿಕ್ಕಿದ್ದು 71 ಕಿಲೋ ಕಸ. ಬಹುಪಾಲು ಪ್ಲಾಸ್ಟಿಕ್. ಒಬ್ಬ ದೊಡ್ಡ ಮನುಷ್ಯನ ತೂಕಕ್ಕೆ ಸಮ! ಮೂರು ಗ್ರಾಮಿನ ಚೀಲದ ಲೆಕ್ಕದಲ್ಲಿ ಅದು 23,600 ಚೀಲ. ವರ್ಷಕ್ಕೆ 730 ಚೀಲ ತರುವ ಮನೆಯೊಂದು 32 ವರ್ಷ ತಂದು ಎಸೆದಷ್ಟು ಪ್ಲಾಸ್ಟಿಕ್ ಒಂದು ಮೂಕಪ್ರಾಣಿಯ ಹೊಟ್ಟೆಯಲ್ಲಿತ್ತು. ಕಟ್ಟಿದ ಚೀಲದೊಳಗಿನ ಹಳಸಿದ ಅನ್ನದ ವಾಸನೆಗೆ ಬಾಯಿ ಹಾಕಿದ್ದಷ್ಟೇ ಅದರ ತಪ್ಪು.

ಜಿಲ್ಲೆ ದಾಟಿ ದೇಶಕ್ಕೆ ಬನ್ನಿ. 2024ರಲ್ಲಿ ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಿಂದ ವರ್ಷಕ್ಕೆ 93 ಲಕ್ಷ ಟನ್ ಪ್ಲಾಸ್ಟಿಕ್ ಹಿಡಿತಕ್ಕೆ ಸಿಗದೆ ಹೊರಗೆ ಸೇರುತ್ತದೆ. ಕೆಲವಷ್ಟು ಬಯಲಲ್ಲಿ ಸುಟ್ಟುಹೋಗುತ್ತದೆ, ಕೆಲವಷ್ಟು ಮಣ್ಣು–ನೀರು ಸೇರುತ್ತದೆ. ಜಗತ್ತಿನ ಇಂಥ ಮಾಲಿನ್ಯದ ಸುಮಾರು ಐದನೇ ಒಂದು ಭಾಗ ನಮ್ಮದೇ. 93 ಲಕ್ಷವನ್ನು 365ರಿಂದ ಭಾಗಿಸಿ: ದಿನಕ್ಕೆ ಸುಮಾರು 25,480 ಟನ್. ಆನೆಗೆ 4 ಟನ್ನಿನಂತೆ 6,370 ಆನೆ. ಈಗ ಇನ್ನೊಂದು ಅಂಕಿ ಕೇಳಿ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಇವೆಯೆಂದು ಅಂದಾಜಾದ ಆನೆಗಳು 6,395. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಸೇರಿ ರಾಜ್ಯದ ಒಂದೊಂದು ಆನೆಯನ್ನೂ ತಕ್ಕಡಿಗೆ ಏರಿಸಿ, ಎದುರು ತಟ್ಟೆಯಲ್ಲಿ ಭಾರತ ಒಂದು ದಿನದಲ್ಲಿ ಹೊರಚೆಲ್ಲಿದ ಪ್ಲಾಸ್ಟಿಕ್ ಇಡಿ. ತಕ್ಕಡಿ ಸಮ ತೂಗುತ್ತದೆ! ಮರುದಿನ ಮತ್ತೆ ಅಷ್ಟು. ಅದರ ಮರುದಿನ ಮತ್ತೆ ಅಷ್ಟು.

ಜಗತ್ತಿನ ಲೆಕ್ಕಕ್ಕೆ ಬಂದರೆ ಆನೆಗಳೂ ಸಾಲವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೇಳುವಂತೆ ಭೂಮಿಯ ಮೇಲೆ ಪ್ರತಿ ನಿಮಿಷಕ್ಕೆ 10 ಲಕ್ಷ ಪ್ಲಾಸ್ಟಿಕ್ ಬಾಟಲಿ ಮಾರಾಟವಾಗುತ್ತವೆ. ದಿನಕ್ಕೆ 144 ಕೋಟಿ: ಭಾರತದ ಪ್ರತಿಯೊಬ್ಬರಿಗೂ, ನಿನ್ನೆ ಹುಟ್ಟಿದ ಕೂಸಿಗೂ ಸೇರಿ, ದಿನಕ್ಕೊಂದು ಹಂಚುವಷ್ಟು. ಚೀಲಗಳು ವರ್ಷಕ್ಕೆ 5 ಲಕ್ಷ ಕೋಟಿಯವರೆಗೆ. ಅದು ಸೆಕೆಂಡಿಗೆ 1 ಲಕ್ಷ 58 ಸಾವಿರ! ಬೀದರ್ ಜಿಲ್ಲೆಯ ಮನೆಗಳು ವರ್ಷವಿಡೀ ತರುವ ಚೀಲಗಳನ್ನು ಜಗತ್ತು 23 ನಿಮಿಷದಲ್ಲಿ ಬಳಸಿ ಮುಗಿಸುತ್ತದೆ. ಒಂದು ವರ್ಷದ ಆ ಚೀಲಗಳನ್ನು ಉದ್ದಕ್ಕೆ ಜೋಡಿಸಿದರೆ 150 ಕೋಟಿ ಕಿಲೋಮೀಟರ್. ಸೂರ್ಯ ನಮ್ಮಿಂದ 15 ಕೋಟಿ ಕಿಲೋಮೀಟರ್ ದೂರ. ಚೀಲಗಳ ಸಾಲು ಸೂರ್ಯನಿಗೆ ಐದು ಸಲ ಹೋಗಿ ಐದು ಸಲ ಬರುತ್ತದೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ಚಿದ್ರಿಯ ಚರಂಡಿಗೆ ಬಿದ್ದ ಚೀಲಕ್ಕೂ ಹಳ್ಳದ ದಾರಿ ಉಂಟು. ಹಳ್ಳ ಮಾಂಜ್ರಾ ನದಿ ಸೇರುತ್ತದೆ, 724 ಕಿಲೋಮೀಟರ್ ಉದ್ದದ ಮಾಂಜ್ರಾ ಗೋದಾವರಿ ಸೇರುತ್ತದೆ, ಗೋದಾವರಿ ಬಂಗಾಳ ಕೊಲ್ಲಿ ಸೇರುತ್ತದೆ. ಅಣೆಕಟ್ಟುಗಳಲ್ಲಿ ತಡೆದು ನಿಲ್ಲದ ಕಸಕ್ಕೆ ಸಮುದ್ರವೇ ಕೊನೆಯ ತಾಣ. ಜಗತ್ತಿನ ನದಿ, ಕೆರೆ, ಸಮುದ್ರಗಳಿಗೆ ದಿನಕ್ಕೆ 2,000 ಕಸದ ಲಾರಿಗಳಷ್ಟು ಪ್ಲಾಸ್ಟಿಕ್ ಸುರಿಯುತ್ತಿದೆ. ಪೆಸಿಫಿಕ್ ಸಾಗರದಲ್ಲಿ ತೇಲುವ ಕಸದ ಹರವು 16 ಲಕ್ಷ ಚದರ ಕಿಲೋಮೀಟರ್ ಎಂದು 2018ರಲ್ಲಿ ಅಳೆದರು. ಕರ್ನಾಟಕದಂಥ ಎಂಟು ರಾಜ್ಯ, ಬೀದರ್‌ನಂಥ 293 ಜಿಲ್ಲೆ! ಅಲ್ಲಿ ತೇಲುತ್ತಿರುವ ತುಂಡುಗಳು 1.8 ಲಕ್ಷ ಕೋಟಿ. ಭೂಮಿಯ ಮೇಲಿನ ಒಬ್ಬೊಬ್ಬರಿಗೂ 225 ತುಂಡು ಪಾಲು ಬರುತ್ತದೆ. ಭೂಮಿಯ ಅತಿ ಆಳದ ತಾಣವಾದ ಮೆರಿಯಾನ ಕಂದಕದಲ್ಲಿ, 10,898 ಮೀಟರ್ ಕೆಳಗೆ, ಕಂಡದ್ದೂ ಒಂದು ಪ್ಲಾಸ್ಟಿಕ್ ಚೀಲ. ಅಲ್ಲಿಂದ ಮೇಲೆ ಬರಲು 495 ಚೌಬಾರಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕು. ಎವರೆಸ್ಟಿನ ಮೇಲೆ 8,440 ಮೀಟರ್ ಎತ್ತರದ ಹಿಮದಲ್ಲೂ ಪ್ಲಾಸ್ಟಿಕ್ ಕಣಗಳು ಸಿಕ್ಕಿವೆ. ತುದಿಯಿಂದ ತಳದವರೆಗೆ 19 ಕಿಲೋಮೀಟರ್ ಅಂತರ, ಎರಡೂ ಕಡೆ ಅದೇ ಪ್ಲಾಸ್ಟಿಕ್.

ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಕೊನೆಗೆ ಇಟ್ಟಿದ್ದೇನೆ. 1950ರಲ್ಲಿ ಜಗತ್ತು ತಯಾರಿಸಿದ ಪ್ಲಾಸ್ಟಿಕ್ 20 ಲಕ್ಷ ಟನ್. 2015ರಲ್ಲಿ 38 ಕೋಟಿ ಟನ್. 65 ವರ್ಷದಲ್ಲಿ 190 ಪಟ್ಟು! ಈ ಅವಧಿಯಲ್ಲಿ ಒಟ್ಟು ತಯಾರಾದದ್ದು 830 ಕೋಟಿ ಟನ್, ಅದರಲ್ಲಿ ಅರ್ಧದಷ್ಟು ಕೊನೆಯ 13 ವರ್ಷಗಳಲ್ಲೇ. 830 ಕೋಟಿ ಟನ್ ಎಂದರೆ 207 ಕೋಟಿ ಆನೆ. ಭೂಮಿಯ ಮೇಲಿನ ಪ್ರತಿ ನಾಲ್ಕು ಜನಕ್ಕೆ ಒಂದು ಆನೆ, ನಾಲ್ಕು ಮಂದಿಯ ಪ್ರತಿ ಮನೆಯ ಅಂಗಳದಲ್ಲಿ ಒಂದು. ಆರು ಮೀಟರಿಗೊಂದರಂತೆ ಇವನ್ನು ಸಾಲಾಗಿ ನಿಲ್ಲಿಸಿದರೆ ಭೂಮಿಗೆ 310 ಸುತ್ತು. ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಗೆ ಹೋದದ್ದು ಕೇವಲ ಶೇಕಡಾ 9. 2020ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಇನ್ನೊಂದು ತೂಕ ಹಾಕಿದರು. ನೆಲದ ಮೇಲೆ, ಸಮುದ್ರದಲ್ಲಿ ಬದುಕಿರುವ ಎಲ್ಲ ಪ್ರಾಣಿಗಳು, ಆನೆ, ತಿಮಿಂಗಿಲ, ದನ, ಕುರಿ, ಮೀನು, ಹುಳು, ಹಕ್ಕಿ, ಮನುಷ್ಯರೂ ಸೇರಿ, ನೀರಿನಂಶ ಕಳೆದ ತೂಕ 400 ಕೋಟಿ ಟನ್. ಪ್ಲಾಸ್ಟಿಕ್ 800 ಕೋಟಿ ಟನ್. ಜೀವಜಗತ್ತು ಕೋಟ್ಯಂತರ ವರ್ಷಗಳಲ್ಲಿ ಬೆಳೆಸಿದ ಪ್ರಾಣಿಗಳೆಲ್ಲವನ್ನೂ ನಾವು ಎರಡು ತಲೆಮಾರಿನ ಪ್ಲಾಸ್ಟಿಕ್ಕಿನಿಂದ ಇಮ್ಮಡಿ ತೂಗಿಬಿಟ್ಟಿದ್ದೇವೆ!

ಇಲ್ಲಿಗೆ ನಿಲ್ಲಿಸಿದರೆ ಎದೆ ಕುಸಿಯುತ್ತದೆ. ಆದರೆ ಮೂರು ಗ್ರಾಮನ್ನು ಆನೆ ಮಾಡಿದ ಗುಣಾಕಾರ ನಮ್ಮ ಪರವಾಗಿಯೂ ಅಷ್ಟೇ ನಿಷ್ಠೆಯಿಂದ ದುಡಿಯುತ್ತದೆ. ಅದರ ಪವಾಡವನ್ನೂ ನೋಡಿ.

ಟ್ರಂಕಿನ ತಳದಲ್ಲಿ ಮಡಿಸಿಟ್ಟ ಒಂದು ಹಳೆಯ ನೂಲಿನ ಸೀರೆ ಹೊರಗೆ ತೆಗೆಯಿರಿ. ಉದ್ದ ಐದೂವರೆ ಮೀಟರ್. ಅಳತೆ ಮಾಡಿ ಕತ್ತರಿಸಿದರೆ ಹನ್ನೆರಡು ಥೈಲಿ ಆಗುತ್ತವೆ. ಒಂದೊಂದನ್ನು ಆರು ದಿನಕ್ಕೊಮ್ಮೆ ಪೇಟೆಗೆ ಒಯ್ದರೆ ಸಾಕು, ವರ್ಷಕ್ಕೆ 61 ಸಲ. 12 ಥೈಲಿ, 61 ಸಲ: 732. ಮನೆಗೆ ಬರುತ್ತಿದ್ದ 730 ಪ್ಲಾಸ್ಟಿಕ್ ಚೀಲಗಳಲ್ಲಿ ಒಂದೂ ಬೇಕಾಗಿಲ್ಲ! ಒಂದು ಸೀರೆ, ಒಂದು ಮನೆ, ಒಂದು ವರ್ಷ, ಚೀಲ ಸೊನ್ನೆ. ಜಿಲ್ಲೆಯ 3 ಲಕ್ಷ ಮನೆಗಳೂ ಒಂದೊಂದು ಸೀರೆ ಕೊಟ್ಟರೆ 36 ಲಕ್ಷ ಥೈಲಿ, 21 ಕೋಟಿ 90 ಲಕ್ಷ ಚೀಲಗಳಿಗೆ ಪೂರ್ಣವಿರಾಮ. ಆ ಸೀರೆಗಳ ಒಟ್ಟು ಉದ್ದ 1,650 ಕಿಲೋಮೀಟರ್, ತಡೆದ ಪ್ಲಾಸ್ಟಿಕ್ಕಿನ ಉದ್ದ 65,700 ಕಿಲೋಮೀಟರ್. ಒಂದು ಕಿಲೋಮೀಟರ್ ಹಳೆಯ ಸೀರೆ 40 ಕಿಲೋಮೀಟರ್ ಪ್ಲಾಸ್ಟಿಕ್ಕನ್ನು ಹಿಡಿದು ನಿಲ್ಲಿಸುತ್ತದೆ, ಅದೂ ಒಂದೇ ವರ್ಷದಲ್ಲಿ. ಥೈಲಿ ಮೂರು ವರ್ಷ ಬಾಳಿದರೆ 120 ಕಿಲೋಮೀಟರ್. ಕರ್ನಾಟಕದ 1 ಕೋಟಿ 30 ಲಕ್ಷ ಮನೆಗಳು ಇದೇ ಹಾದಿ ಹಿಡಿದರೆ ವರ್ಷಕ್ಕೆ 949 ಕೋಟಿ ಚೀಲ ಉಳಿಯುತ್ತವೆ. ಭೂಮಿಯ ಸುತ್ತ 71 ಸುತ್ತು, ತೂಕದಲ್ಲಿ 7,100 ಆನೆ, ಅಂದರೆ ರಾಜ್ಯದಲ್ಲಿರುವ ಆನೆಗಳಿಗಿಂತ ಹೆಚ್ಚು.

ಹಳೆಯ ಸೀರೆಯೇ ಯಾಕೆ, ಅಂಗಡಿಯ ಹೊಸ ಹತ್ತಿ ಚೀಲ ಯಾಕಲ್ಲ? ಅದಕ್ಕೂ ಬೆರಗಿನ ಅಂಕಿ ಇದೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿತು. ಹೊಸ ಹತ್ತಿ ಚೀಲ ತನ್ನ ತಯಾರಿಕೆಯ ಭಾರವನ್ನೆಲ್ಲ ತೀರಿಸಿ ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಎನಿಸಿಕೊಳ್ಳಲು, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೆ 52 ಸಲ, ಎಲ್ಲ ಬಗೆಯ ಪರಿಣಾಮ ನೋಡಿದರೆ 7,100 ಸಲ ಬಳಕೆಯಾಗಬೇಕು. ವಾರಕ್ಕೆ ಎರಡು ಸಲ ಹಿಡಿದು ಹೊರಟರೆ 68 ವರ್ಷ! ಸೀರೆ ತನ್ನ ಸಾಲವನ್ನು ಉಟ್ಟಾಗಲೇ ತೀರಿಸಿದೆ. ಅದರಿಂದ ಹೊಲಿದ ಥೈಲಿಯದು ಮೊದಲ ದಿನದಿಂದ ಲಾಭ. ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡಿ ಹೊದೆಯುವ ನಮ್ಮ ಸೀಮೆಗೆ ಥೈಲಿ ಹೊಲಿಯುವುದು ಕಲಿಸಬೇಕಾದ ವಿದ್ಯೆಯಲ್ಲ.

ಚಹಾ ಅಂಗಡಿಯ ಲೆಕ್ಕ ಇನ್ನೂ ಸುಲಭ. 50 ಗಾಜಿನ ಲೋಟ, ದಿನಕ್ಕೆ ಆರು ಸಲ ತೊಳೆತ: 300 ಚಹಾ. ಎವರೆಸ್ಟಿನ ಮುಕ್ಕಾಲು ಎತ್ತರದ ಕಂಬವೊಂದನ್ನು ಒಂದು ಸಣ್ಣ ಬುಟ್ಟಿಯಷ್ಟು ಲೋಟಗಳು ಅಳಿಸಿಹಾಕುತ್ತವೆ. ಒಂದೊಂದು ಲೋಟವೂ ವರ್ಷಕ್ಕೆ 2,190 ಕಪ್ಪುಗಳ ಕೆಲಸ ಮಾಡುತ್ತದೆ. ನೀರಿಗೆ ಒಂದು ಸ್ಟೀಲ್ ಬಾಟಲಿ ಕೊಂಡು ಹತ್ತು ವರ್ಷ ಬಳಸಿ. ದಿನಕ್ಕೊಂದು ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ರೂಢಿ ಇದ್ದವರು 3,650 ಬಾಟಲಿ ಉಳಿಸುತ್ತಾರೆ, ಅದು 36 ಚೌಬಾರಗಳ ಎತ್ತರ. ಮನೆಯಲ್ಲಿ ನೀರಿನ ಹರವಿ ಇದ್ದರೆ ಬೇಸಿಗೆಯ ತಂಪೂ ಸಿಗುತ್ತದೆ, ಕರೆಂಟಿನ ಬಿಲ್ಲು ಸೊನ್ನೆ.

ಮದುವೆಗೆ ಎರಡು ದಾರಿ. ಒಂದು, ಮುತ್ತಲ ಎಲೆಯ ಪತ್ರಾವಳಿ. ಪತ್ರಾವಳಿಗೆ ಆರರಂತೆ ಸಾವಿರ ಊಟಕ್ಕೆ 6,000 ಎಲೆ. ಉಂಡ ಮೇಲೆ ತಿಪ್ಪೆ ಸೇರಿದರೆ ಕೆಲವೇ ವಾರಗಳಲ್ಲಿ ಗೊಬ್ಬರ. 450 ವರ್ಷದ ಮುಂದೆ ಕೆಲವು ವಾರ! ಇನ್ನೊಂದು, ಸ್ಟೀಲ್ ತಟ್ಟೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಾವಿರಾರು ಸ್ಟೀಲ್ ತಟ್ಟೆ, ಲೋಟಗಳ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಸಮಾರಂಭಕ್ಕೆ ಒಯ್ಯಿರಿ, ಬಳಸಿ ಹಿಂದಿರುಗಿಸಿ. ಭಾಲ್ಕಿಯಲ್ಲೋ ಔರಾದ್‌ನಲ್ಲೋ ಸಾವಿರ ತಟ್ಟೆಯ ಇಂಥದೊಂದು ಬ್ಯಾಂಕ್ ತೆರೆದರೆ, ವರ್ಷಕ್ಕೆ 40 ಮದುವೆಯಂತೆ 20 ವರ್ಷದಲ್ಲಿ 8 ಲಕ್ಷ ಊಟ. 8 ಲಕ್ಷ ಪ್ಲಾಸ್ಟಿಕ್ ತಟ್ಟೆಗಳನ್ನು ಸಾಲಾಗಿ ಇಟ್ಟರೆ 200 ಕಿಲೋಮೀಟರ್. ಅದೆಲ್ಲ ಒಂದು ಟೆಂಪೋದಲ್ಲಿ ಹಿಡಿಯುವ ಸಾವಿರ ಸ್ಟೀಲ್ ತಟ್ಟೆಗಳಿಂದ ಉಳಿಯುತ್ತದೆ.

ಕೂಸಿಗೆ ಹಳೆಯ ಧೋತರದಿಂದ 24 ಲಂಗೋಟಿ ಹೊಲಿದರೆ 3,650 ಡೈಪರ್ ಉಳಿಯುತ್ತವೆ. ಒಂದು ತುಂಡು ಬಟ್ಟೆ 152 ಡೈಪರ್‌ಗಳಿಗೆ ಸಮ. ಮುಟ್ಟಿನ ಕಪ್ ಒಂದು ಹತ್ತು ವರ್ಷದವರೆಗೆ ಬಾಳುತ್ತದೆ. ತಿಂಗಳಿಗೆ 15ರಂತೆ 1,800 ಪ್ಯಾಡುಗಳ ಬದಲಿಗೆ ಅಂಗೈಯಲ್ಲಿ ಹಿಡಿಯುವ ಒಂದು ಪುಟ್ಟ ಬಟ್ಟಲು! ರಾಜ್ಯ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದ ವಿದ್ಯಾರ್ಥಿನಿಯರಿಗೆ ಇವನ್ನು ಪ್ರಾಯೋಗಿಕವಾಗಿ ಹಂಚಿತ್ತು. ಕಪ್ ಒಗ್ಗದವರಿಗೆ ಒಗೆದು ಬಿಸಿಲಲ್ಲಿ ಒಣಗಿಸುವ ಬಟ್ಟೆಯ ಪ್ಯಾಡ್ ಇದೆ. ಚಂದ್ರನವರೆಗೆ ಹೋಗಿ ಬರುವ ಬ್ರಶ್ಶಿನ ಸಾಲಿಗೆ ಬಿದಿರಿನ ಹಿಡಿಕೆಯ ಬ್ರಶ್ ಇದೆ, ಅಂಗಳದ ಬೇವಿನ ಕಡ್ಡಿ ಇದೆ. ಪಾತ್ರೆ ತಿಕ್ಕಲು ಒಣಗಿದ ಹೀರೇಕಾಯಿಯ ನಾರು ಇದೆ. ಬಳ್ಳಿಯೊಂದು ಒಂದು ಹಂಗಾಮಿನಲ್ಲಿ ಮನೆಗೆ ವರ್ಷವಿಡೀ ಸಾಕಾಗುವಷ್ಟು ನಾರು ಕೊಡುತ್ತದೆ.

ಕಾನೂನು ತನ್ನ ಪಾಲಿನ ಅಂಕಿಗಳನ್ನು ಬರೆದಿಟ್ಟಿದೆ. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಕ್ಯಾರಿ ಬ್ಯಾಗ್ ದೇಶದಲ್ಲೆಲ್ಲೂ ಸಲ್ಲದು. ಅಂಗಡಿಯವನು ಕೊಡದಿರುವುದು ಅರ್ಧ ಕೆಲಸ, ನಾವು ಕೇಳದಿರುವುದು ಇನ್ನರ್ಧ.

ಆದ್ದರಿಂದ ಚಿದ್ರಿಯ, ಬೀದರ್‌ನ, ಭಾಲ್ಕಿಯ, ಔರಾದ್‌ನ ಎಲ್ಲ ಅಕ್ಕ, ಅಣ್ಣ, ಕಾಕಾ, ಕಾಕಿಯರಲ್ಲಿ ಒಂದೇ ವಿನಂತಿ. ಈ ವಾರ ಒಂದು ಹಳೆಯ ಸೀರೆಗೆ ಕತ್ತರಿ ಹಾಕಿಸಿ. ಎರಡು ಥೈಲಿ ಗಾಡಿಯಲ್ಲಿಡಿ, ಎರಡು ಬಾಗಿಲ ಬಳಿ ತೂಗುಹಾಕಿ, ಒಂದನ್ನು ಪಕ್ಕದ ಮನೆಯವರಿಗೆ ಕೊಡಿ. ನಾಳೆಯಿಂದ ತರಕಾರಿಯವನು ಪ್ಲಾಸ್ಟಿಕ್ ಚೀಲ ಬಿಡಿಸುವ ಮೊದಲೇ ನಿಮ್ಮ ಥೈಲಿಯ ಬಾಯಿ ತೆರೆದು ಹಿಡಿಯಿರಿ. ನಿಮ್ಮೊಬ್ಬರ ಮನೆಯಿಂದಲೇ ಹತ್ತು ವರ್ಷದಲ್ಲಿ 7,300 ಚೀಲ ಕಡಿಮೆಯಾಗುತ್ತವೆ. ಮಿಕ್ಕಿದ್ದನ್ನು ಗುಣಾಕಾರ ನೋಡಿಕೊಳ್ಳುತ್ತದೆ.